ಕಾಕಾನ ಬೆರಳಿಗೆ ಹತ್ತಿದ ಸುಣ್ಣ

ನಮ್ಮ ಕಾಕಾನ ಎಡಗೈ ತೋರುಬೆರಳಿನ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಎಲೆಗೆ ಹಚ್ಚುವ ಸುಣ್ಣ ಅಲ್ಲ, ಗೋಡೆಯ ಸುಣ್ಣ. ಹಳೇ ಬಾಗಲಕೋಟೆಯ ನಮ್ಮ ಓಣಿಯಲ್ಲಿ ಅವನು ನಡೆಯುತ್ತಿದ್ದದ್ದೇ ಹಾಗೆ. ಕಟ್ಟೆ ಇಳಿದ ಕೂಡಲೇ ಎಡಗೈ ಚಾಚಿ ಬೆರಳನ್ನು ಗೋಡೆಗೆ ತಾಗಿಸುತ್ತಿದ್ದ. ಒರಗುತ್ತಿರಲಿಲ್ಲ, ಹಿಡಿದುಕೊಳ್ಳುತ್ತಿರಲಿಲ್ಲ. ಸುಮ್ನೆ ತಾಗಿಸಿ, ಗೋಡೆಯುದ್ದಕ್ಕೂ ಗೆರೆ ಎಳೆಯುವವನ ಹಾಗೆ ಹೋಗಿಬಿಡುತ್ತಿದ್ದ. ಒಂದು ಮನೆಯ ಗೋಡೆ ಮುಗಿದು ಇನ್ನೊಂದು ಶುರುವಾಗುವ ಸಂದಿ ಬಂದರೆ ಅವನ ಹೆಜ್ಜೆ ಗಡಿಬಿಡಿಯಾಗುತ್ತಿತ್ತು. ಗೋಡೆ ಸಿಕ್ಕ ಮೇಲೆ ಮತ್ತೆ ನಿಧಾನ. ಓಣಿಯ ಹುಡುಗರು ಅವನ ಹಿಂದೆ ಅದೇ ತರ ಬೆರಳು ಚಾಚಿ ಸಾಲಾಗಿ ನಡೆದು ನಗುತ್ತಿದ್ದರು. ಆ ಸಾಲಿನಲ್ಲಿ ನಾನೂ ಇದ್ದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇದೆಲ್ಲ ಮತ್ತೆ ನೆನಪಾದದ್ದು ಹೋದ ವರ್ಷ ಶ್ರಾವಣದಲ್ಲಿ. ನಾನೀಗ ಇರುವುದು ಬೆಳಗಾವಿಯಲ್ಲಿ. ಒಂದು ಮುಂಜಾನೆ ಹಾಸಿಗೆಯಲ್ಲಿ ಬಲ ಮಗ್ಗುಲಿಗೆ ಹೊರಳಿದೆ. ಫ್ಯಾನು, ಕಿಟಕಿ, ಕಪಾಟು ಎಲ್ಲ ಒಟ್ಟಿಗೆ ಗರಗರ ತಿರುಗಿದವು. ಫ್ಯಾನು ಬಂದ್ ಇತ್ತು. ಅರ್ಧ ನಿಮಿಷಕ್ಕೆ ನಿಂತಿತು. ಎದ್ದು ಬಚ್ಚಲಿಗೆ ಹೋಗುವಾಗ ಕೈ ತಾನಾಗಿಯೇ ಗೋಡೆಗೆ ಹೋಯಿತು. ಅಲ್ಲಿ ಹಿಡಿದುಕೊಳ್ಳೋಕೆ ಏನೂ ಇರಲಿಲ್ಲ. ಬೆರಳ ತುದಿ ತಾಗಿತು, ಅಷ್ಟೇ. ಅಷ್ಟಕ್ಕೇ ಕಾಲಡಿಯ ನೆಲ ಗಟ್ಟಿಯಾದಂತೆ ಆಯಿತು. ನಿಂತು ನೋಡಿಕೊಂಡೆ. ಎಡಗೈ, ತೋರುಬೆರಳು.

ನನ್ನದು ಸಣ್ಣ ತಾಪತ್ರಯ. ಒಳಗಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಗೋಡೆಗೆ ಬಳಿದು ಒಣಗಿದ ಸುಣ್ಣ ಏನೋ ಅದೇ. ಅವು ತಮ್ಮ ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರಿದರೆ ತಲೆ ಹೊರಳಿಸಿದಾಗಲೆಲ್ಲ ಜಗತ್ತು ತಿರುಗುತ್ತದೆ. ಡಾಕ್ಟರು ನನ್ನನ್ನು ಮಂಚದ ಮೇಲೆ ಮಲಗಿಸಿ ತಲೆಯನ್ನು ಒಂದು ಲೆಕ್ಕದ ಪ್ರಕಾರ ಆ ಕಡೆ ಈ ಕಡೆ ಹೊರಳಿಸಿದರು. ಅಮೆರಿಕದ ಜಾನ್ ಎಪ್ಲಿ ಅನ್ನುವ ವೈದ್ಯರು ಕಂಡುಹಿಡಿದ ಉಪಾಯ ಅದು. ಹತ್ತು ನಿಮಿಷದ ಕೆಲಸ, ಗುಳಿಗೆಯೂ ಇಲ್ಲ. ನಾನು ಹೊರಗೆ ಬಂದು ಚಹಾ ಕುಡಿದೆ. ಕಾಕಾನಿಗೆ ಇಪ್ಪತ್ತೇಳು ವರ್ಷದಿಂದ ಹೋಗದ್ದು ನನಗೆ ಹತ್ತು ನಿಮಿಷಕ್ಕೆ ಹೋಯಿತಲ್ಲ ಅಂತ ಮನಸ್ಸಿಗೆ ಒಂಥರಾ ಆಯಿತು. ಅವನಿಗಿದ್ದದ್ದು ಬೇರೆಯೇ ತೊಂದರೆ ಅಂತ ತಿಳಿದದ್ದು ಆಮೇಲೆ, ಓದುತ್ತಾ ಹೋದಾಗ.

ಚಕ್ಕರ್ ಬರ್ತಾವೇನ್ರೀ?

1998ರಲ್ಲಿ ಕಾಕಾನಿಗೆ ಎರಡನೇ ಸಲ ಟಿಬಿ ತಿರುಗಿಕೊಂಡಿತು. ಆಗ ಹಾಗೆ ಮರುಕಳಿಸಿದವರಿಗೆ ಗುಳಿಗೆಗಳ ಜೊತೆ ಸ್ಟ್ರೆಪ್ಟೊಮೈಸಿನ್ ಸೂಜಿ ಕೊಡುತ್ತಿದ್ದರು. ಎರಡು ತಿಂಗಳು, ದಿನ ಬಿಟ್ಟು ದಿನ. ಆ ಸೂಜಿ ಅವನ ಜೀವ ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. 1943ರಲ್ಲಿ ಆ ಔಷಧ ಸಿಗುವ ತನಕ ಟಿಬಿಗೆ ನೇರವಾದ ಮದ್ದೇ ಇರಲಿಲ್ಲ. ಆದರೆ ಒಳಗಿವಿಯಲ್ಲಿ ತಲೆಯ ಅಲುಗಾಟ ತಿಳಿಯುವ ಕೂದಲಿನಂಥ ಕೋಶಗಳಿವೆ. ಈ ಔಷಧ ಕೆಲವರಲ್ಲಿ ಅವನ್ನು ಸಾಯಿಸುತ್ತದೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಇದು ಔಷಧ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ವೈದ್ಯರಿಗೆ ಗೊತ್ತಾಗಿತ್ತು.

ಸೂಜಿ ಹಾಕುವವರಿಗೂ ಗೊತ್ತಿತ್ತು ಅನ್ನಿಸುತ್ತದೆ. ಪ್ರತಿ ಸಲ ಕೇಳುತ್ತಿದ್ದರಂತೆ, "ಚಕ್ಕರ್ ಬರ್ತಾವೇನ್ರೀ?" ಕಾಕಾ ಪ್ರತಿ ಸಲ "ಇಲ್ರೀ" ಅನ್ನುತ್ತಿದ್ದ. ಸುಳ್ಳು ಹೇಳಲಿಲ್ಲ ಅವನು. ಅವನಿಗೆ ಚಕ್ಕರ್ ಬರಲೇ ಇಲ್ಲ.

ಇದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಕಾಕಾ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ಹಾಗಾಗಿ ತಕ್ಕಡಿಯ ಮಾತಿನಲ್ಲೇ ಹೇಳುತ್ತೇನೆ. ಎರಡು ಕಿವಿ ಎರಡು ತಟ್ಟೆ ಇದ್ದ ಹಾಗೆ. ಸುಮ್ಮನೆ ಕೂತಾಗಲೂ ಎರಡೂ ಕಡೆಯಿಂದ ಮಿದುಳಿಗೆ ಸಮನಾಗಿ ಸುದ್ದಿ ಹೋಗುತ್ತಲೇ ಇರುತ್ತದೆ. ಒಂದು ಕಡೆಯ ಸುದ್ದಿ ತಟ್ಟನೆ ಕಡಿಮೆಯಾದರೆ ಮುಳ್ಳು ವಾಲುತ್ತದೆ. ಆಗ ಮಿದುಳು "ನಾನು ತಿರುಗುತ್ತಿದ್ದೇನೆ" ಅಂದುಕೊಳ್ಳುತ್ತದೆ. ಅದೇ ಚಕ್ಕರ್. ಆದರೆ ಎರಡೂ ತಟ್ಟೆಯಿಂದ ಒಂದೇ ಸಮ ಕಾಳು ತೆಗೆಯುತ್ತಾ ಹೋಗಿ ನೋಡಿ. ಮುಳ್ಳು ಅಲುಗುವುದಿಲ್ಲ. ಕೊನೆಗೆ ತಟ್ಟೆ ಎರಡೂ ಖಾಲಿ, ಮುಳ್ಳು ನೆಟ್ಟಗೇ ನಿಂತಿರುತ್ತದೆ. ಕಾಕಾನಿಗೆ ಆದದ್ದು ಅದು. ಕೇಳಿದವರು ಸರಿಯಾಗಿಯೇ ಕೇಳಿದರು, ಇವನು ಸರಿಯಾಗಿಯೇ ಉತ್ತರ ಹೇಳಿದ. ಇವನಿಗೆ ಆಗುತ್ತಿದ್ದದ್ದಕ್ಕೆ ನಮ್ಮ ಮಾತಿನಲ್ಲಿ ಹೆಸರೇ ಇರಲಿಲ್ಲ. ಕಣ್ಣು ಹೋದರೆ ಕುರುಡು, ಕಿವಿ ಹೋದರೆ ಕಿವುಡು. ಇದು ಹೋದರೆ ಏನು?

ಮನೆಯಲ್ಲಿ ಮೊದಲು ಗೊತ್ತಾದದ್ದು ಬಚ್ಚಲಲ್ಲಿ. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ, ಧಪ್ಪನೆ ಬಿದ್ದ. ಹಂಡೆಯ ಅಂಚು ತಾಗಿ ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಕಣ್ಣು ಬಿಟ್ಟಿದ್ದರೆ ನಿಲ್ಲುತ್ತಿದ್ದ, ಮುಚ್ಚಿದರೆ ಬೀಳುತ್ತಿದ್ದ. ಕರೆಂಟ್ ಹೋದರೆ ಇದ್ದಲ್ಲೇ ಕೂತುಬಿಡುತ್ತಿದ್ದ. ರಾತ್ರಿ ಅಂಗಡಿಯಿಂದ ಬರುವಾಗ ಕಾಲು ಅಗಲ ಇಟ್ಟು ತೂರಾಡುತ್ತಾ ಬರುವುದನ್ನು ನೋಡಿ ಜನ "ಕುಡದಾನ" ಅಂದರು. ಜೀವನದಲ್ಲಿ ಸೆರೆ ಮುಟ್ಟದ ಮನುಷ್ಯ. ಅದಕ್ಕಿಂತ ಅವನಿಗೆ ಜಾಸ್ತಿ ನೋವಾದದ್ದು ಇನ್ನೊಂದು ಮಾತಿಗೆ. ಸಂತೆಯಲ್ಲಿ ಎದುರಿಗೆ ಬಂದವರು "ನಮಸ್ಕಾರ್ರೀ" ಅಂದರೆ ಇವನು ಸುಮ್ಮನೆ ಹೋಗಿಬಿಡುತ್ತಿದ್ದ. "ಸೊಕ್ಕು ಬಂದೈತಿ" ಅಂದರು. ನಡೆಯುವಾಗ ಅವನಿಗೆ ಮುಖಗಳೇ ಕಾಣುತ್ತಿರಲಿಲ್ಲ. "ಎಲ್ಲಾರ ಮಾರಿ ಜಿಗಿದಾಡ್ತಾವಪಾ, ಯಾರು ಅಂತ ಹೆಂಗ ಗುರ್ತು ಹಿಡೀಲಿ" ಅಂತ ಬಹಳ ವರ್ಷದ ಮೇಲೆ ನನಗೆ ಹೇಳಿದ. ಕನ್ನಡಕದ ಅಂಗಡಿಗೆ ಎರಡು ಸಲ ಹೋಗಿ ಬಂದ. ಕಣ್ಣು ಚೆನ್ನಾಗಿವೆ ಅಂದರು. ಚೆನ್ನಾಗಿಯೇ ಇದ್ದವು.

ಒಂದು ಸಣ್ಣ ಪರೀಕ್ಷೆ ಮಾಡಿ. ಪೇಪರನ್ನು ಮುಖದ ಮುಂದೆ ಹಿಡಿದು ಎಡಕ್ಕೆ ಬಲಕ್ಕೆ ಜೋರಾಗಿ ಅಲುಗಾಡಿಸಿ. ಓದೋಕೆ ಆಗಲ್ಲ. ಈಗ ಪೇಪರ್ ಹಾಗೇ ಇಟ್ಟು ತಲೆಯನ್ನು ಅಷ್ಟೇ ಜೋರಾಗಿ ಆಡಿಸಿ. ಆರಾಮಾಗಿ ಓದಬಹುದು, ಅಲ್ವಾ? ತಲೆ ಎಷ್ಟು ಬಲಕ್ಕೆ ಹೋಯಿತೋ ಅಷ್ಟೇ ಎಡಕ್ಕೆ ಕಣ್ಣುಗುಡ್ಡೆಯನ್ನು ತಿರುಗಿಸುವ ಕೆಲಸ ಒಳಗಿವಿಯದು. ಸೆಕೆಂಡಿನ ನೂರನೇ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ ಅದು ಆಗಿಹೋಗುತ್ತದೆ. ನಮ್ಮ ಮೈಯಲ್ಲಿ ಇಷ್ಟು ಚುರುಕಾಗಿ ನಡೆಯುವ ಕೆಲಸಗಳು ಕಡಿಮೆ. ಅದು ಹೋದರೆ ಪ್ರತಿ ಹೆಜ್ಜೆಗೂ ಲೋಕ ಜಿಗಿಯುತ್ತದೆ.

1952ರಲ್ಲಿ ಅಮೆರಿಕದ ಒಬ್ಬ ವೈದ್ಯ ಇದೇ ಸ್ಟ್ರೆಪ್ಟೊಮೈಸಿನ್‌ನಿಂದ ತನಗಾದ ಗತಿಯನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದಾನೆ. ನಾಡಿ ಬಡಿದರೆ ತಲೆ ಅಲುಗುವುದಿದೆಯಲ್ಲ, ಅಷ್ಟಕ್ಕೇ ಅವನಿಗೆ ಪುಸ್ತಕದ ಅಕ್ಷರ ಕುಣಿಯುತ್ತಿದ್ದವಂತೆ. ಮಂಚದ ಕಬ್ಬಿಣದ ಸರಳುಗಳ ನಡುವೆ ತಲೆ ಸಿಕ್ಕಿಸಿ ಓದುತ್ತಿದ್ದನಂತೆ. ಅದನ್ನು ಓದಿದಾಗ ನಾನು ಫೋನ್ ಕೆಳಗಿಟ್ಟೆ. ಕಾಕಾ ಲೆಕ್ಕ ಬರೆಯುವಾಗ ಎಡಗೈ ಮುಷ್ಟಿ ಮಾಡಿ ಗದ್ದಕ್ಕೆ ಊರಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಎಲೆ ಅಡಿಕೆ ಹಾಕುತ್ತಿರಲಿಲ್ಲ. "ಬಾಯಾಗ ಅಡಿಕಿ ಇದ್ರ ಅಂಕಿ ಓಡ್ತಾವ" ಅನ್ನುತ್ತಿದ್ದ. ಗಮನ ಓಡುತ್ತದೆ ಅನ್ನೋ ಅರ್ಥದಲ್ಲಿ ಹೇಳುತ್ತಾನೆ ಅಂತ ನಾವೆಲ್ಲ ತಿಳಿದಿದ್ದೆವು. ಅಂಕಿಗಳು ನಿಜವಾಗಿಯೇ ಓಡುತ್ತಿದ್ದವು.

ಮುಷ್ಟಿಯಲ್ಲಿ ಉಸುಕು

1999ರ ಬೇಸಿಗೆ. ಘಟಪ್ರಭಾ ನದಿಯಲ್ಲಿ ನೀರು ಇಳಿದು ಅಲ್ಲಲ್ಲಿ ಮಡು ಉಳಿದಿತ್ತು. ನನಗೆ ಈಜು ಕಲಿಸಿದ್ದು ಕಾಕಾನೇ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ. ಕಾಯಿಲೆ ಬಿದ್ದ ಮೇಲೆ ಅವನು ನೀರಿಗೆ ಇಳಿದಿರಲಿಲ್ಲ. ಅವತ್ತು ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ದಂಡೆಯ ಕಲ್ಲಿನ ಮೇಲಿಂದ ಹಾರಿದ. ಮೊದಲೆಲ್ಲ ಹಾರಿದವನು ಆ ದಂಡೆ ಹತ್ತಿರ ತಲೆ ಎತ್ತುತ್ತಿದ್ದ, ನಾನು ಎಣಿಸುತ್ತಿದ್ದೆ. ಅವತ್ತೂ ಎಣಿಸಿದೆ. ಇಪ್ಪತ್ತು, ಮೂವತ್ತು. ನೀರು ಮಣ್ಣಿನ ಬಣ್ಣ, ಒಳಗೆ ಏನೂ ಕಾಣುತ್ತಿರಲಿಲ್ಲ. ನಲವತ್ತಾದಾಗ ನನ್ನ ಬಾಯಿ ಒಣಗಿತು. ಆಮೇಲೆ ಹಾರಿದ ಜಾಗದಲ್ಲೇ ಮೇಲೆ ಬಂದ. ಕೆಮ್ಮುತ್ತಾ, ಕಣ್ಣು ಕೆಂಪಗೆ. ದಂಡೆಗೆ ಬಂದು ಕೂತು ಬಲಗೈ ಮುಷ್ಟಿ ಬಿಚ್ಚಿದ. ಒಳಗೆ ಉಸುಕು ಇತ್ತು.

"ಮ್ಯಾಲೆ ಯಾವ ಕಡಿ ಅಂತ ತಿಳೀಲಿಲ್ಲೋ. ಈಜಿಕೋಂತ ಹ್ವಾದೆ, ಕೈಗೆ ಉಸುಕು ಸಿಕ್ತು. ಆವಾಗ ತಿಳೀತು, ಓ ಇದು ತೆಳಗ ಅಂತ." ಇಷ್ಟು ಹೇಳಿ ನಕ್ಕ. "ಚಿಗವ್ವಗ ಹೇಳಬ್ಯಾಡ" ಅಂದ. ನಾನು ಹೇಳಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಆ ಮಾತು ತಮಾಷೆಯಾಗಿ ಕೇಳಿತ್ತು. ಮೇಲೆ ಯಾವುದು, ಕೆಳಗೆ ಯಾವುದು ಅಂತ ಯಾರಿಗಾದರೂ ಗೊತ್ತಾಗದೆ ಇರುತ್ತದೆಯೇ? ನೀರಿನೊಳಗೆ ಮೈಗೆ ಭಾರ ಇಲ್ಲ, ಕಾಲಿಗೆ ನೆಲ ಇಲ್ಲ, ಕಣ್ಣಿಗೆ ಬೆಳಕಿಲ್ಲ. ಅಲ್ಲಿ ಉಳಿಯುವುದು ಒಳಗಿವಿ ಒಂದೇ. ಒಳಗಿವಿ ಸತ್ತವರು ಈಜಲು ಇಳಿಯಬಾರದು ಅಂತ ಈಗ ವೈದ್ಯರು ಎಚ್ಚರಿಸುತ್ತಾರೆ. ಅವನಿಗೆ ಯಾರೂ ಹೇಳಿರಲಿಲ್ಲ, ಹೇಳೋಕೆ ಅವನಿಗೆ ಏನಾಗಿದೆ ಅಂತ ಯಾರಾದರೂ ಗುರುತಿಸಿರಬೇಕಲ್ಲ.

ಸುದ್ದಿ ತಲುಪಿಸುವ ದಾರಿಗಳು

ಇಂಥವರಿಗೆ ಕೃತಕ ಸಮತೋಲದ ಸಾಧನ ಮಾಡಲು ಹೊರಟವರ ಕೆಲಸದ ಬಗ್ಗೆ ಈ ವರ್ಷವೆಲ್ಲ ಓದಿದೆ. ಓದುವಾಗ ಕಾಕಾನ ಬೆರಳು ಮತ್ತು ಆ ಮುಷ್ಟಿಯ ಉಸುಕು ತಲೆಯಿಂದ ಹೋಗಲೇ ಇಲ್ಲ. ಯಾಕೆಂದರೆ ಎಲ್ಲ ಸಾಧನಗಳೂ ಮಾಡುವುದು ಒಂದೇ ಕೆಲಸ. ಕಿವಿ ತರುತ್ತಿದ್ದ ಸುದ್ದಿಯನ್ನು ಬೇರೆ ದಾರಿಯಿಂದ ಮಿದುಳಿಗೆ ಮುಟ್ಟಿಸೋದು.

ಹೊರಗೆ ಧರಿಸುವವು ಕೆಲವಿವೆ. ಸೊಂಟಕ್ಕೆ ಬೆಲ್ಟ್ ಕಟ್ಟುತ್ತಾರೆ. ಮೈ ಎತ್ತ ವಾಲಿತೋ ಅತ್ತ ಕಡೆ ಬೆಲ್ಟು ಫೋನಿನ ಹಾಗೆ ಗುರ್ ಅನ್ನುತ್ತದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಇದರ ಮೇಲೆ ತುಂಬಾ ಕೆಲಸ ನಡೆದಿದೆ. ಅಮೆರಿಕದ ಪಾಲ್ ಬಾಕ್-ಇ-ರಿಟಾ ಅನ್ನುವ ವಿಜ್ಞಾನಿ ಇನ್ನೂ ವಿಚಿತ್ರವಾದದ್ದು ಮಾಡಿದರು. ತಲೆ ವಾಲುವುದನ್ನು ನಾಲಿಗೆಯ ಮೇಲೆ ಸಣ್ಣ ವಿದ್ಯುತ್ ಚುಮುಚುಮು ಆಗಿ ತಿಳಿಸುವ ಸಾಧನ. ಜನ ಅದನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನೆಟ್ಟಗೆ ನಿಂತರು. ಇನ್ನು ಬೆರಳಿನ ವಿಷಯ. 1994ರಲ್ಲಿ ಜೇಕಾ ಮತ್ತು ಲ್ಯಾಕ್ನರ್ ಎಂಬ ಇಬ್ಬರು ಅದನ್ನೇ ಅಳೆದು ನೋಡಿದ್ದಾರೆ. ನೂರು ಗ್ರಾಂಗಿಂತ ಕಡಿಮೆ ಒತ್ತಡದಲ್ಲಿ ಬೆರಳ ತುದಿ ತಾಗಿಸಿದರೂ ಮೈಯ ತೂಗಾಟ ಕಡಿಮೆಯಾಗುತ್ತದೆ. ಅಷ್ಟು ಒತ್ತಡ ಯಾರನ್ನೂ ಎತ್ತಿ ಹಿಡಿಯುವುದಿಲ್ಲ. ಅದು ಆಸರೆ ಅಲ್ಲ, ಸುದ್ದಿ. ಮುಂದೆ ಒಳಗಿವಿ ಸತ್ತವರನ್ನೇ ಕತ್ತಲಲ್ಲಿ ನಿಲ್ಲಿಸಿ ನೋಡಿದರು. ಬೆರಳಿಲ್ಲದೆ ಕೆಲವೇ ಸೆಕೆಂಡು ನಿಲ್ಲದವರು ಬೆರಳು ತಾಗಿಸಿ ನಿಂತರು. ಕಾಕಾ ಅದನ್ನು ಓಣಿಯಲ್ಲಿ ತಾನೇ ಕಂಡುಕೊಂಡಿದ್ದ, ನಾವು ಹಿಂದೆ ನಿಂತು ನಗುತ್ತಿದ್ದೆವು.

ಆದರೆ ಬೆರಳು, ಬೆಲ್ಟು, ನಾಲಿಗೆ ಇವೆಲ್ಲ ನಿಲ್ಲೋಕೆ, ನಡೆಯೋಕೆ. ಜಿಗಿಯುವ ಮುಖಗಳನ್ನು ಇವು ನಿಲ್ಲಿಸಲಾರವು. ಕಣ್ಣಿಗೆ ಬೇಕಾದ ವೇಗ ಇವಕ್ಕಿಲ್ಲ. ಅದಕ್ಕೆ ನರಕ್ಕೇ ನೇರವಾಗಿ ಸುದ್ದಿ ಕೊಡಬೇಕು. ಕೇಳದ ಮಕ್ಕಳಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್ ಈಗ ನಮ್ಮ ಕಡೆಯೂ ಎಲ್ಲರಿಗೂ ಗೊತ್ತು. ಇದು ಅದರ ತಮ್ಮ. ತಲೆಯ ಮೇಲೆ ಕಿವಿಯ ಹಿಂದೆ ಒಂದು ಬಿಲ್ಲೆ ಆಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಅದರಲ್ಲಿ ಜೈರೋಸ್ಕೋಪ್‌ಗಳು. ಮೊಬೈಲ್ ಅಡ್ಡ ಹಿಡಿದು ಗಾಡಿ ಓಡಿಸುವ ಆಟದಲ್ಲಿ ಫೋನ್ ಎತ್ತ ತಿರುಗಿತು ಅಂತ ಹೇಳುವುದೂ ಇಂಥದ್ದೇ ಚಿಪ್ಪು. ಒಳಗಿವಿಯಲ್ಲಿ ಮೂರು ಅರ್ಧಚಂದ್ರ ನಾಳಗಳಿವೆ, ಒಂದೊಂದು ಒಂದೊಂದು ದಿಕ್ಕಿಗೆ. ಬಿಲ್ಲೆ ಅಳೆದ ತಿರುವನ್ನು ಒಳಗಿನ ಯಂತ್ರ ವಿದ್ಯುತ್ ಬಡಿತ ಮಾಡಿ ಆ ಮೂರು ನಾಳಗಳ ನರಗಳಿಗೆ ಕೊಡುತ್ತದೆ.

ಇಲ್ಲೊಂದು ಜಾಣತನ ಇದೆ, ನನಗೆ ತುಂಬಾ ಹಿಡಿಸಿದ್ದು. ಒಂದೇ ಕಿವಿಗೆ ಹಾಕಿ ಎರಡೂ ಕಡೆಯ ತಿರುವನ್ನು ಹೇಗೆ ತಿಳಿಸುವುದು? ಅದಕ್ಕೆ ಸುಮ್ಮನೆ ಕೂತಾಗಲೂ ಒಂದೇ ಲಯದಲ್ಲಿ ಬಡಿತ ಕೊಡುತ್ತಲೇ ಇರುತ್ತಾರೆ. ತಲೆ ಒಂದು ಕಡೆ ತಿರುಗಿದರೆ ಲಯ ಚುರುಕು, ಇನ್ನೊಂದು ಕಡೆ ತಿರುಗಿದರೆ ನಿಧಾನ. ನಮ್ಮ ಹೋಳಿಯ ಹಲಗಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಚಾಲೂ ಮಾಡಿದಾಗ ಒಂದು ತಟ್ಟೆಗೆ ಒಮ್ಮೆಲೇ ಕಾಳು ಸುರಿದಂತಾಗಿ ರೋಗಿಗೆ ಗರಗರ ಚಕ್ಕರ್ ಬರುತ್ತದೆ. ಸ್ವಲ್ಪ ಹೊತ್ತಿಗೆ ಮಿದುಳು ಹೊಂದಿಕೊಳ್ಳುತ್ತದೆ. ಅಂದರೆ ಕಾಕಾನಂಥವರಿಗೆ ಚಕ್ಕರ್ ಬರುವುದೇ ವಾಸಿಯಾಗುವ ಮೊದಲ ಗುರುತು. ಸೂಜಿ ಹಾಕುವವರು ಕೇಳಿದ ಪ್ರಶ್ನೆಗೆ ಅವನು ಆವಾಗ "ಹೌದ್ರೀ" ಅನ್ನಬಹುದಿತ್ತು.

ಜಿನೀವಾ ಮತ್ತು ಮಾಸ್ಟ್ರಿಕ್ಟ್‌ನವರು, ಅಮೆರಿಕದ ಸಿಯಾಟಲ್‌ನವರು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಚಾರ್ಲ್ಸ್ ಡೆಲ್ಲಾ ಸಾಂಟಿನಾ ಅವರ ತಂಡ, ಎಲ್ಲರೂ ಇದರ ಹಿಂದೆ ಬಿದ್ದಿದ್ದಾರೆ. ಹಾಪ್ಕಿನ್ಸ್‌ನವರು 8 ಜನರಿಗೆ ಹಾಕಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ನಿಲುವು, ನಡಿಗೆ, ದಿನದ ಬದುಕು ಒಟ್ಟಿನಲ್ಲಿ ಸುಧಾರಿಸಿತ್ತು. ಆದರೆ 8ರಲ್ಲಿ 7 ಜನರಿಗೆ ಆ ಕಿವಿಯ ಕೇಳಿಸುವ ಶಕ್ತಿ ಕಡಿಮೆಯಾಯಿತು. ಕೇಳುವ ಅಂಗ, ತೂಗುವ ಅಂಗ ಎರಡಕ್ಕೂ ಒಂದೇ ನೀರು, ಒಂದೇ ಗೋಡೆ. ಒಂದನ್ನು ಕೊರೆದರೆ ಇನ್ನೊಂದಕ್ಕೆ ಪೆಟ್ಟು. ಇದು ಅಂಗಡಿಯಲ್ಲಿ ಸಿಗುವ ವಸ್ತು ಇನ್ನೂ ಆಗಿಲ್ಲ, ಸಂಶೋಧನೆಯ ಹಂತದಲ್ಲಿದೆ.

ನಮ್ಮಲ್ಲಂತೂ ಮೊದಲು ಹೆಸರು ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಕಿವಿ ಕೇಳದಿರುವುದು ಅದರಲ್ಲಿದೆ. ಅದೇ ಕಿವಿಯ ಇನ್ನೊಂದು ಅರ್ಧ ಸತ್ತರೆ ಪಟ್ಟಿಯಲ್ಲಿ ಜಾಗ ಇಲ್ಲ. ಕಾರ್ಡಿಗಾಗಿ ಒಮ್ಮೆ ಕಾಕಾನನ್ನು ಕರೆದುಕೊಂಡು ಹೋಗಿದ್ದೆ. ಹಗಲು ಹನ್ನೆರಡು ಗಂಟೆ, ಒಳ್ಳೆ ಬೆಳಕು, ನುಣುಪಾದ ನೆಲ. ಕಾಕಾ ಚೆನ್ನಾಗಿಯೇ ನಡೆದು ತೋರಿಸಿದ. "ಏನಾಗೇದ ಇವರಿಗೆ?" ಅಂದರು. ಕೋಣೆಯ ದೀಪ ಆರಿಸಿ ನೋಡ್ರೀ ಅಂತ ಹೇಳಬೇಕಿತ್ತು. ನನಗೆ ಆವಾಗ ಅಷ್ಟು ತಿಳಿದಿರಲಿಲ್ಲ.

ಗೋಡೆ ಇಲ್ಲದ ಊರು

ಆಲಮಟ್ಟಿ ಹಿನ್ನೀರು ಬಂದು ನಮ್ಮ ಓಣಿ ಹೋದದ್ದು, ನಾವೆಲ್ಲ ನವನಗರಕ್ಕೆ ಬಂದದ್ದು, ಆ ಕಥೆ ಬಾಗಲಕೋಟೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಮನೆ, ಪರಿಹಾರ, ಸೈಟು, ಸೆಕ್ಟರ್ ನಂಬರು. ಎಲ್ಲರೂ ಕಳೆದುಕೊಂಡದ್ದರ ಲೆಕ್ಕ ಬರೆಸಿದರು. ಕಾಕಾ ಕಳೆದುಕೊಂಡದ್ದು ಯಾವ ಫಾರ್ಮಿನಲ್ಲೂ ಇರಲಿಲ್ಲ. ಎರಡೂ ಕಡೆ ಕೈಗೆ ಸಿಗುವ ಗೋಡೆ. ನವನಗರದ ರಸ್ತೆಗಳು ಅಗಲ. ಮನೆಗಳು ಹಿಂದೆ, ಮುಂದೆ ಕಾಂಪೌಂಡು, ನಡುವೆ ಖಾಲಿ ಸೈಟುಗಳು. ನಮಗೆಲ್ಲ ಗಾಳಿ ಬೆಳಕು ಸಿಕ್ಕಿತು ಅಂತ ಖುಷಿ. ಅವನು ಬಾಗಿಲಲ್ಲಿ ನಿಂತು ರಸ್ತೆ ನೋಡಿ "ಇದು ಮಡುವಿನಂಗ ಐತಿ" ಅಂದ. ಅವನ ಮಾತು ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ತಿಳಿಯಬೇಕಿತ್ತು, ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಚಿಗವ್ವ ಗೋಡೆಯಾದಳು. ಅವನ ಬಲಕ್ಕೆ ಅಲ್ಲ, ಎಡಕ್ಕೆ, ಅರ್ಧ ಹೆಜ್ಜೆ ಮುಂದೆ. ಅವನ ಬೆರಳು ಅವಳ ಭುಜದ ಸೆರಗಿನ ಮೇಲೆ. ನಮ್ಮ ಕಡೆ ಆ ವಯಸ್ಸಿನ ಗಂಡ ಹೆಂಡತಿ ರಸ್ತೆಯಲ್ಲಿ ಹಾಗೆ ನಡೆಯುವುದನ್ನು ನೀವು ನೋಡಿದ್ದೀರಾ? ಸೆಕ್ಟರಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಚಿಗವ್ವ "ನಗವಲ್ರ್ಯಾಕ, ಬಿದ್ರ ನೀವು ಎಬ್ಬಸ್ತೀರೇನು" ಅಂದಳು. ಅವಳು ಮಾತಿಗೆ ಖಡಕ್ಕು.

ನನ್ನ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಒಂದು ವ್ಯಾಯಾಮವನ್ನು ದೀಪಾವಳಿಗೆ ಹೋದಾಗ ಕಾಕಾನಿಗೆ ಕಲಿಸಿದೆ. ಕ್ಯಾಲೆಂಡರಿನ ಒಂದು ಅಂಕಿಯನ್ನೇ ನೋಡುತ್ತಾ ತಲೆ ಎಡಕ್ಕೆ ಬಲಕ್ಕೆ ಆಡಿಸುವುದು. ದಿನಾ ಮಾಡುತ್ತಿದ್ದಾನಂತೆ. ಅಂಕಿ ಇನ್ನೂ ಓಡುತ್ತದೆ, ಆದರೆ "ಮೊದಲಿನಷ್ಟು ದೂರ ಹೋಗಂಗಿಲ್ಲ" ಅನ್ನುತ್ತಾನೆ. ಇಂಪ್ಲಾಂಟ್ ವಿಷಯವನ್ನೂ ಹೇಳಿದೆ. ಪೂರಾ ಕೇಳಿ ಒಂದೇ ಪ್ರಶ್ನೆ ಕೇಳಿದ, "ಅದನ್ನ ಹಾಕ್ಸಿದ್ರ ಮಂದಿ ಮಾರಿ ನಿಂತು ಕಾಣ್ತಾವೇನು?" ಕಾಣಬಹುದು ಅಂದೆ. ಕಿವಿ ಕೇಳುವುದು ಕಡಿಮೆಯಾಗಬಹುದು ಅಂತಲೂ ಹೇಳಿದೆ. ಅಡುಗೆಮನೆ ಕಡೆ ನೋಡಿ "ಹಂಗಾರ ಎರಡೂ ಲಾಭನ ಆತಲ್ಲ" ಅಂದ. ಒಳಗಿಂದ ಪಾತ್ರೆ ಸಪ್ಪಳ ಜೋರಾಯಿತು.

ಅದೇ ವಾರ ಮನೆಗೆ ಬಣ್ಣ ಹಚ್ಚಿಸುತ್ತಿದ್ದರು. ಮಗ ಒಳ್ಳೆ ಪುಟ್ಟಿ ಹಾಕಿಸಿ, ಕನ್ನಡಿಯ ಹಾಗೆ ಉಜ್ಜಿಸಿದ್ದ. ಕಾಕಾ ನಡುಮನೆಯಿಂದ ಬಚ್ಚಲ ತನಕ ಬೆರಳಿಟ್ಟು ಹೋಗಿ ಬಂದು "ಇದು ಏನೂ ಹೇಳವಲ್ತು" ಅಂದ. ನುಣುಪು ಗೋಡೆಯ ಮೇಲೆ ಬೆರಳು ಜಾರುತ್ತದೆ, ಎಲ್ಲಿದ್ದೇನೆ ಅಂತ ಗೊತ್ತಾಗಲ್ಲ ಅನ್ನೋದು ಅವನ ತಕರಾರು. ಬಣ್ಣದವನನ್ನು ಕರೆದು ಸೊಂಟದಿಂದ ಸ್ವಲ್ಪ ಮೇಲೆ, ಒಂದು ಗೇಣು ಅಗಲಕ್ಕೆ ಪುಟ್ಟಿ ಕೆರೆಸಿದ. ಅಲ್ಲಿ ಬರೀ ಸುಣ್ಣ ಬಳಿ ಅಂದ. ಬಣ್ಣದವ ನನ್ನ ಮುಖ ನೋಡಿದ. "ಛಂದ ಕಾಣಂಗಿಲ್ರೀ" ಅಂದ. ಅವರು ಹೇಳಿದಂಗ ಮಾಡಪಾ ಅಂದೆ. ಸಂಜೆ ನಾನು ಹೊರಡುವಾಗ ಸುಣ್ಣ ಇನ್ನೂ ಪೂರಾ ಒಣಗಿರಲಿಲ್ಲ. ಕಾಕಾ ಅಷ್ಟರಲ್ಲೇ ಎರಡು ಸಲ ಆ ಪಟ್ಟಿಗುಂಟ ಬಚ್ಚಲಿಗೆ ಹೋಗಿ ಬಂದಿದ್ದ. ಬಸ್ ಸ್ಟ್ಯಾಂಡಿಗೆ ಬಿಡೋಕೆ ಬರ್ತೀನಿ ಅಂತ ಚಪ್ಪಲಿ ಮೆಟ್ಟಿ, ಚಿಗವ್ವನನ್ನು ಕೂಗಿದ. ಅವಳ ಭುಜದ ಮೇಲೆ, ಇಳಕಲ್ ಸೀರೆಯ ಕೆಂಪು ಸೆರಗಿಗೆ, ಬೆರಳಿನಗಲ ಬಿಳಿ ಗುರುತು ಆಗಲೇ ಇತ್ತು.